ಮನೆಗೆ ಎಷ್ಟು ವೇಗದ ಬ್ರಾಡ್‌ಬ್ಯಾಂಡ್ ಸಾಕು? – ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಮನೆಗೆ ಇಂಟರ್ನೆಟ್ ಸಂಪರ್ಕ ಪಡೆಯಬೇಕೆಂದಿರುವ ಗ್ರಾಮಸ್ಥರು ಬಹುತೇಕ ಮೊದಲು ವಿಚಾರಿಸುವುದು ತಮ್ಮ ವಾರ್ಡಿನ ಸದಸ್ಯರನ್ನೇ. “30 ತೆಗೆದುಕೊಳ್ಳಬೇಕೋ, 100 ತೆಗೆದುಕೊಳ್ಳಬೇಕೋ?” ಎಂಬ ಪ್ರಶ್ನೆಗೆ ಸದಸ್ಯರು ಸ್ಪಷ್ಟ ಉತ್ತರ ನೀಡಬಲ್ಲವರಾದರೆ ಕುಟುಂಬದ ಹಣ ಉಳಿಯುತ್ತದೆ, ಮಕ್ಕಳ ಓದಿಗೂ ಅಡಚಣೆಯಾಗುವುದಿಲ್ಲ. ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂತಹ ದೊಡ್ಡ ಗ್ರಾಮವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಇದರಲ್ಲಿ ತಿಳಿಸಿರುವ ಲೆಕ್ಕದ ಕ್ರಮವು ಜಿಲ್ಲೆಯ ಎಲ್ಲಾ ಗ್ರಾಮಗಳಿಗೂ ಅನ್ವಯಿಸುತ್ತದೆ.

ಪಾಠದ ಸಾರಾಂಶ ಇಷ್ಟು: ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದರಿಂದಾಗಲಿ, ಜಾಹೀರಾತಿನಲ್ಲಿ ಎಷ್ಟು ದೊಡ್ಡ ಸಂಖ್ಯೆ ಇದೆ ಎಂಬುದರಿಂದಾಗಲಿ ವೇಗವನ್ನು ನಿರ್ಧರಿಸಬಾರದು. ಅತಿ ಹೆಚ್ಚು ಬಳಕೆಯಾಗುವ ಹೊತ್ತಿನಲ್ಲಿ ಏಕಕಾಲಕ್ಕೆ ಎಷ್ಟು ಕೆಲಸಗಳು ನಡೆಯುತ್ತವೆ ಎಂಬುದರ ಮೇಲೆ ನಿರ್ಧರಿಸಬೇಕು.

ಹಿನ್ನೆಲೆ

ದೇಶದ ಎಲ್ಲಾ ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಮೂಲಕ ಸಂಪರ್ಕ ಕಲ್ಪಿಸುವ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್ 25ರಂದು ಅನುಮೋದನೆ ನೀಡಿತು. ಇದೇ ಯೋಜನೆ ಮುಂದೆ ‘ಭಾರತ್‌ನೆಟ್’ ಎಂಬ ಹೆಸರು ಪಡೆಯಿತು. ಪ್ರತಿ ಗ್ರಾಮ ಪಂಚಾಯತಿಗೆ 100 ಎಂಬಿಪಿಎಸ್ ವೇಗದ ಸಂಪರ್ಕ ನೀಡುವುದು ಅದರ ಮೂಲ ಗುರಿಯಾಗಿತ್ತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಗ್ರಾಮೀಣ ಮನೆಗಳಿಗೆ ಫೈಬರ್ ಸಂಪರ್ಕವನ್ನು ವಿಸ್ತರಿಸುವುದು ಇದರ ಮುಖ್ಯ ಅಂಶಗಳಲ್ಲಿ ಒಂದಾಗಿದೆ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕಾಗಿದೆ. ಮೇಲೆ ಹೇಳಿದ 100 ಎಂಬಿಪಿಎಸ್ ಗ್ರಾಮ ಪಂಚಾಯತಿಯವರೆಗಿನ ಸಂಪರ್ಕಕ್ಕೆ ಸಂಬಂಧಿಸಿದ್ದು. ಪ್ರತಿ ಮನೆಗೂ ಅಷ್ಟು ವೇಗ ದೊರೆಯುತ್ತದೆ ಎಂದು ಅದರ ಅರ್ಥವಲ್ಲ. ಮನೆಯ ಸಂಪರ್ಕದ ವೇಗವು ಕುಟುಂಬವು ಆಯ್ಕೆ ಮಾಡಿ ಹಣ ಪಾವತಿಸುವ ಯೋಜನೆಯನ್ನು ಅವಲಂಬಿಸಿರುತ್ತದೆ.

ಬ್ರಾಡ್‌ಬ್ಯಾಂಡ್ ಎಂದರೆ ಯಾವುದು ಎಂಬ ವ್ಯಾಖ್ಯೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕನಿಷ್ಠ ವೇಗ 256 ಕೆಬಿಪಿಎಸ್ ಎಂದಿತ್ತು. 2013ರಲ್ಲಿ ಅದು 512 ಕೆಬಿಪಿಎಸ್ ಆಯಿತು. 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗವಿರುವ ಸಂಪರ್ಕವನ್ನು ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಗುತ್ತಿದೆ. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯು ಪ್ರತಿ ನಾಗರಿಕನಿಗೂ 50 ಎಂಬಿಪಿಎಸ್ ವೇಗದ ಸಂಪರ್ಕ ದೊರೆಯಬೇಕೆಂಬ ಗುರಿಯನ್ನು ಹಾಕಿಕೊಂಡಿತ್ತು. ಕನಿಷ್ಠ ವ್ಯಾಖ್ಯೆಗೂ ಗುರಿಗೂ ನಡುವೆ ಇರುವ ಈ ಅಂತರದಲ್ಲಿಯೇ ಕುಟುಂಬವು ತನ್ನ ಅಗತ್ಯವನ್ನು ಗುರುತಿಸಿಕೊಳ್ಳಬೇಕಾಗುತ್ತದೆ.

ನೀರಿನ ಪೈಪಿನ ಹೋಲಿಕೆ

ಕುಡಿಯುವ ನೀರಿನ ಯೋಜನೆಗಳನ್ನು ನಿರ್ವಹಿಸುವ ಸದಸ್ಯರಿಗೆ ಇಂಟರ್ನೆಟ್ ವೇಗದ ಲೆಕ್ಕ ಕಠಿಣವೇನಲ್ಲ. ಓವರ್‌ಹೆಡ್ ಟ್ಯಾಂಕ್‌ನಿಂದ ಮನೆಗೆ ಬರುವ ಪೈಪಿನ ಅಗಲವೇ ವೇಗ. ತಿಂಗಳಿಗೆ ಬಳಸಬಹುದಾದ ಡೇಟಾ ಮಿತಿಯು ಟ್ಯಾಂಕ್‌ನಲ್ಲಿರುವ ನೀರಿನ ಪ್ರಮಾಣವಿದ್ದಂತೆ. ಜಲ ಜೀವನ್ ಮಿಷನ್‌ನಲ್ಲಿ ತಲಾ ದಿನಕ್ಕೆ 55 ಲೀಟರ್ ಎನ್ನುವುದು ಪ್ರಮಾಣದ ಲೆಕ್ಕ. ಬೆಳಿಗ್ಗೆ ಎಲ್ಲರೂ ನಲ್ಲಿ ತಿರುಗಿಸಿದಾಗ ಕೊನೆಯ ಮನೆಗೂ ಧಾರೆ ಬರುತ್ತದೆಯೇ ಎನ್ನುವುದು ಪೈಪಿನ ಲೆಕ್ಕ. ಒಂದೇ ನಲ್ಲಿ ತೆರೆದಿರುವ ಮನೆಗೆ ನಾಲ್ಕು ಇಂಚಿನ ಪೈಪು ಹಾಕಿದರೆ ಹೆಚ್ಚು ನೀರು ಬರುವುದಿಲ್ಲ. ಪೈಪಿನ ಖರ್ಚು ಮಾತ್ರ ಹೆಚ್ಚುತ್ತದೆ.

ವೇಗವನ್ನು ‘ಎಂಬಿಪಿಎಸ್’, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. ಕಡತದ ಗಾತ್ರವನ್ನು ಅಳೆಯುವುದು ‘ಎಂಬಿ’, ಅಂದರೆ ಮೆಗಾಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 40 ಎಂಬಿ ಬರುವುದಿಲ್ಲ. ಗರಿಷ್ಠ 5 ಎಂಬಿ ಬರುತ್ತದೆ. 1 ಜಿಬಿ ಗಾತ್ರದ ಕಡತ ಇಳಿಯಲು ಸುಮಾರು 200 ಸೆಕೆಂಡು, ಅಂದರೆ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ ಬೇಕು. ಈ ವ್ಯತ್ಯಾಸ ತಿಳಿಯದ ಕಾರಣ “ಕಂಪನಿಯವರು ಹೇಳಿದಷ್ಟು ವೇಗ ಬರುತ್ತಿಲ್ಲ” ಎಂಬ ಗೊಂದಲ ಹಲವು ಬಾರಿ ಉಂಟಾಗುತ್ತದೆ.

ಯಾವ ಕೆಲಸಕ್ಕೆ ಎಷ್ಟು ವೇಗ?

ಲೆಕ್ಕ ಹಾಕಲು ಕೆಳಗಿನ ಅಳತೆಗಳು ಸಾಕು:

1. ಸಂದೇಶ, ಯುಪಿಐ ಪಾವತಿ, ಸುದ್ದಿ ಓದುವುದು, ಅರ್ಜಿ ತುಂಬುವುದು ಮೊದಲಾದ ಚಿಲ್ಲರೆ ಬಳಕೆ – ಇಡೀ ಮನೆಗೆ 2 ಎಂಬಿಪಿಎಸ್.
2. ಮೊಬೈಲ್‌ನಲ್ಲಿ ಸಾಧಾರಣ ಗುಣಮಟ್ಟದ ಯೂಟ್ಯೂಬ್ ವಿಡಿಯೊ – ಸುಮಾರು 1 ಎಂಬಿಪಿಎಸ್.
3. ಉತ್ತಮ ಗುಣಮಟ್ಟದ ವಿಡಿಯೊ, ಅಂದರೆ 720ಪಿ – 2.5 ಎಂಬಿಪಿಎಸ್.
4. ಟಿವಿಯಲ್ಲಿ ಪೂರ್ಣ ಎಚ್‌ಡಿ, ಅಂದರೆ 1080ಪಿ – 5 ಎಂಬಿಪಿಎಸ್.
5. ದೊಡ್ಡ ಟಿವಿಯಲ್ಲಿ 4ಕೆ ವಿಡಿಯೊ – 20 ಎಂಬಿಪಿಎಸ್.
6. ವಿಡಿಯೊ ಕರೆ, ಆನ್‌ಲೈನ್ ತರಗತಿ, ಕಚೇರಿಯ ವಿಡಿಯೊ ಸಭೆ – ಬರುವ ದಿಕ್ಕಿನಲ್ಲಿ 3, ಹೋಗುವ ದಿಕ್ಕಿನಲ್ಲಿ 3 ಎಂಬಿಪಿಎಸ್.
7. ದೃಶ್ಯವನ್ನು ಇಂಟರ್ನೆಟ್ ಮೂಲಕ ಸದಾ ಕಳುಹಿಸುವ ಸಿಸಿ ಕ್ಯಾಮೆರಾ – ಪ್ರತಿಯೊಂದಕ್ಕೆ ಹೋಗುವ ದಿಕ್ಕಿನಲ್ಲಿ ಸುಮಾರು 2 ಎಂಬಿಪಿಎಸ್.

ಕ್ರಮ ಹೀಗಿದೆ: ಮೊದಲು ಮನೆಯಲ್ಲಿ ಅತಿ ಹೆಚ್ಚು ಬಳಕೆಯ ಹೊತ್ತನ್ನು ಗುರುತಿಸಬೇಕು. ಬಹುತೇಕ ಮನೆಗಳಲ್ಲಿ ಇದು ಸಂಜೆ 7ರಿಂದ 10 ಗಂಟೆ. ಆ ಹೊತ್ತಿನಲ್ಲಿ ಒಟ್ಟಿಗೆ ನಡೆಯುವ ಕೆಲಸಗಳ ಅಳತೆಯನ್ನು ಕೂಡಿಸಬೇಕು. ವೈ-ಫೈನಲ್ಲಿ ಆಗುವ ನಷ್ಟ ಮತ್ತು ಅಕಸ್ಮಾತ್ ಹೆಚ್ಚಾಗುವ ಬಳಕೆಗಾಗಿ ಆ ಮೊತ್ತದ ಅರ್ಧವನ್ನು ಮತ್ತೆ ಸೇರಿಸಬೇಕು. ಬಂದ ಸಂಖ್ಯೆಗೆ ಸಮನಾದ ಅಥವಾ ಅದಕ್ಕಿಂತ ಮೇಲಿನ ಮೊದಲ ಯೋಜನೆಯೇ ಆ ಮನೆಗೆ ಸೂಕ್ತ.

ನಾಲ್ಕು ಮನೆಗಳ ಲೆಕ್ಕ

ಅಭ್ಯಾಸಕ್ಕಾಗಿ ಭಾತಂಬ್ರಾದಂತಹ ಗ್ರಾಮದಲ್ಲಿ ಇರಬಹುದಾದ ನಾಲ್ಕು ಬಗೆಯ ಕುಟುಂಬಗಳನ್ನು ಕಲ್ಪಿಸಿಕೊಳ್ಳಬಹುದು.

ಮೊದಲನೆಯ ಮನೆ: ವೃದ್ಧ ದಂಪತಿ ಇದ್ದಾರೆ, ಮಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಸಂಜೆ ಮಗನೊಂದಿಗೆ ವಿಡಿಯೊ ಕರೆ 3, ಮೊಬೈಲ್‌ನಲ್ಲಿ ಪ್ರವಚನ ಅಥವಾ ಭಜನೆ 1, ಚಿಲ್ಲರೆ ಬಳಕೆ 2, ಒಟ್ಟು 6. ಅರ್ಧ ಸೇರಿಸಿದರೆ 9 ಎಂಬಿಪಿಎಸ್. ಕಂಪನಿಯ ಅತಿ ಸಣ್ಣ ಯೋಜನೆಯೇ ಇವರಿಗೆ ಹೆಚ್ಚು. ಮನೆಯೊಳಗೆ ಮೊಬೈಲ್ ಸಿಗ್ನಲ್ ಚೆನ್ನಾಗಿದ್ದರೆ ಪ್ರತ್ಯೇಕ ಬ್ರಾಡ್‌ಬ್ಯಾಂಡ್ ಸಂಪರ್ಕವೇ ಬೇಕಿಲ್ಲದಿರಬಹುದು. ಅದನ್ನು ಅವರಿಗೆ ತಿಳಿಸುವುದೂ ಸಲಹೆಯೇ ಆಗಿದೆ.

ಎರಡನೆಯ ಮನೆ: ತೊಗರಿ, ಸೋಯಾ ಬೆಳೆಯುವ ರೈತ ಕುಟುಂಬ, ಒಬ್ಬ ಮಗಳು ನೀಟ್ ಪರೀಕ್ಷೆಗೆ ಓದುತ್ತಿದ್ದಾಳೆ, ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದಾನೆ. ಟಿವಿ 5, ಮಗಳ ಆನ್‌ಲೈನ್ ತರಗತಿ 3, ಮಗನ ಪಾಠದ ವಿಡಿಯೊ 2.5, ಚಿಲ್ಲರೆ ಬಳಕೆ 2, ಒಟ್ಟು 12.5. ಅರ್ಧ ಸೇರಿಸಿದರೆ ಸುಮಾರು 19. ಈ ಮನೆಗೆ 30 ಎಂಬಿಪಿಎಸ್ ಯೋಜನೆ ಧಾರಾಳವಾಗಿ ಸಾಕು. 100 ಎಂಬಿಪಿಎಸ್ ಪಡೆದರೆ 80 ಎಂಬಿಪಿಎಸ್‌ನಷ್ಟು ಬಳಕೆಯಾಗದೆ ಉಳಿಯುತ್ತದೆ.

ಮೂರನೆಯ ಮನೆ: ಕೂಡು ಕುಟುಂಬ, ಇಬ್ಬರು ಮನೆಯಿಂದಲೇ ಕಂಪನಿಯ ಕೆಲಸ ಮಾಡುತ್ತಾರೆ. ಎರಡು ವಿಡಿಯೊ ಸಭೆ 6, ಮಗುವಿನ ತರಗತಿ 3, ಟಿವಿ 5, ಒಂದು ಮೊಬೈಲ್ ವಿಡಿಯೊ 2.5, ಚಿಲ್ಲರೆ 2, ಒಟ್ಟು 18.5. ಅರ್ಧ ಸೇರಿಸಿದರೆ ಸುಮಾರು 28. ಇಲ್ಲಿಯೂ 30 ಸಾಕಾಗುತ್ತದೆ. ದೊಡ್ಡ ಕಡತಗಳನ್ನು ಪದೇ ಪದೇ ಇಳಿಸಿಕೊಳ್ಳುವ ಕೆಲಸವಿದ್ದರೆ 50 ಒಳ್ಳೆಯದು. ಆದರೆ ಮೂರು ವಿಡಿಯೊಗಳು ಒಟ್ಟಿಗೆ ಹೊರಹೋಗುವುದರಿಂದ ಅಪ್‌ಲೋಡ್ ವೇಗ 9, ಅರ್ಧ ಸೇರಿಸಿ ಸುಮಾರು 14 ಎಂಬಿಪಿಎಸ್ ಇರಲೇಬೇಕು.

ನಾಲ್ಕನೆಯ ಮನೆ: ಮನೆಯ ಮುಂಭಾಗದಲ್ಲಿಯೇ ಆನ್‌ಲೈನ್ ಅರ್ಜಿ ಸಲ್ಲಿಸುವ ಅಂಗಡಿ ಇದೆ, ಇಂಟರ್ನೆಟ್‌ಗೆ ಜೋಡಿಸಿದ ನಾಲ್ಕು ಸಿಸಿ ಕ್ಯಾಮೆರಾಗಳಿವೆ. ಬರುವ ದಿಕ್ಕಿನಲ್ಲಿ ಟಿವಿ 5, ವಿಡಿಯೊ ಕರೆ 3, ಅಂಗಡಿಯ ಎರಡು ಕಂಪ್ಯೂಟರ್ 4, ಚಿಲ್ಲರೆ 2. ಒಟ್ಟು 14, ಅರ್ಧ ಸೇರಿಸಿ 21. ಹೋಗುವ ದಿಕ್ಕಿನಲ್ಲಿ ಕ್ಯಾಮೆರಾಗಳಿಗೆ 8, ದಾಖಲೆಗಳ ಅಪ್‌ಲೋಡ್‌ಗೆ 5, ವಿಡಿಯೊ ಕರೆಗೆ 3. ಒಟ್ಟು 16, ಅರ್ಧ ಸೇರಿಸಿ 24. ಇಲ್ಲಿ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಅಗತ್ಯವೇ ಹೆಚ್ಚು. ಕ್ಯಾಮೆರಾದ ದೃಶ್ಯಗಳನ್ನು ಮನೆಯಲ್ಲಿಯೇ ಡಿವಿಆರ್ ಪೆಟ್ಟಿಗೆಯಲ್ಲಿ ದಾಖಲಿಸಿಕೊಂಡರೆ ಅಪ್‌ಲೋಡ್ ಅಗತ್ಯ 12ಕ್ಕೆ ಇಳಿಯುತ್ತದೆ.

ಈ ನಾಲ್ಕು ಮನೆಗಳಲ್ಲಿ ಯಾವುದಕ್ಕೂ 100 ಎಂಬಿಪಿಎಸ್ ಬೇಕಾಗಲಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಒಂದಕ್ಕಿಂತ ಹೆಚ್ಚು 4ಕೆ ಟಿವಿಗಳಿರುವ ಮನೆ, ಹತ್ತಾರು ವಿದ್ಯಾರ್ಥಿಗಳಿರುವ ವಸತಿ ನಿಲಯ, ದೊಡ್ಡ ಕಡತಗಳನ್ನು ದಿನವೂ ಕಳುಹಿಸುವ ವೃತ್ತಿ ಇವುಗಳಿಗೆ ಆ ವೇಗ ಸಾರ್ಥಕ.

ಹೆಚ್ಚಿನ ವೇಗದ ನಿಜವಾದ ಬೆಲೆ

ಎರಡು ಯೋಜನೆಗಳ ನಡುವೆ ತಿಂಗಳಿಗೆ 300 ರೂ. ವ್ಯತ್ಯಾಸವಿದೆ ಎಂದುಕೊಳ್ಳೋಣ. ಇಂಟರ್ನೆಟ್ ಸೇವೆಗೆ ಶೇ 18ರಷ್ಟು ಜಿಎಸ್‌ಟಿ ಇರುವುದರಿಂದ ಅದು 354 ರೂ. ಆಗುತ್ತದೆ, ವರ್ಷಕ್ಕೆ 4,248 ರೂ. 2025-26ನೇ ಸಾಲಿನಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂ. ಇತ್ತು. ಅಂದರೆ ಬಳಕೆಯಾಗದ ವೇಗಕ್ಕಾಗಿ ಒಂದು ಕೂಲಿ ಕುಟುಂಬವು ಹನ್ನೊಂದು ದಿನಗಳಿಗೂ ಹೆಚ್ಚಿನ ದುಡಿಮೆಯನ್ನು ಪ್ರತಿವರ್ಷ ಕಳೆದುಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ, ತೀರ ಕಡಿಮೆ ವೇಗ ಪಡೆದು ಪರೀಕ್ಷೆಯ ಅರ್ಜಿಯ ಕೊನೆಯ ದಿನ ಪುಟ ತೆರೆಯದೆ ಹೋದರೆ ಆಗುವ ನಷ್ಟವೂ ಸಣ್ಣದಲ್ಲ. ಆದ್ದರಿಂದ ಲೆಕ್ಕ ಹಾಕಿ ನಿರ್ಧರಿಸುವುದೇ ಸರಿಯಾದ ಮಾರ್ಗ.

ಯೋಜನೆ ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಅಪ್‌ಲೋಡ್ ವೇಗ ಎಷ್ಟು? ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. 10 ಎಂಬಿ ಗಾತ್ರದ ದಾಖಲೆಯನ್ನು ಕಳುಹಿಸಲು 1 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 80 ಸೆಕೆಂಡು, 10 ಎಂಬಿಪಿಎಸ್‌ನಲ್ಲಿ 8 ಸೆಕೆಂಡು ಬೇಕು.

ಡೇಟಾ ಮಿತಿ ಎಷ್ಟು, ಮಿತಿ ಮುಗಿದ ಮೇಲೆ ವೇಗ ಎಷ್ಟು? 5 ಎಂಬಿಪಿಎಸ್‌ನ ಎಚ್‌ಡಿ ವಿಡಿಯೊ ಒಂದು ಗಂಟೆಗೆ 2.25 ಜಿಬಿ ಬಳಸುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 270 ಜಿಬಿ ಆಗುತ್ತದೆ. ಮಿತಿ ಮುಗಿದ ನಂತರವೂ ವೇಗವು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲಿ ನಿರ್ದೇಶನ ನೀಡಿತು. ಆದರೆ ಅಷ್ಟು ವೇಗದಲ್ಲಿ ಆನ್‌ಲೈನ್ ತರಗತಿ ಸುಗಮವಾಗಿ ನಡೆಯುವುದಿಲ್ಲ.

ಒಟ್ಟು ಖರ್ಚು ಎಷ್ಟು? ಜಿಎಸ್‌ಟಿ, ಅಳವಡಿಕೆ ಶುಲ್ಕ, ರೌಟರ್‌ನ ಬೆಲೆ ಅಥವಾ ಠೇವಣಿ, ಮುಂಗಡವಾಗಿ ಎಷ್ಟು ತಿಂಗಳು ಕಟ್ಟಬೇಕು, ಆರಂಭಿಕ ರಿಯಾಯಿತಿ ಮುಗಿದ ಮೇಲೆ ದರ ಎಷ್ಟು ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು.

ಸಂಪರ್ಕ ಯಾವ ಬಗೆಯದು? ಫೈಬರ್ ಎಳೆ ಮನೆಯವರೆಗೆ ಬರುತ್ತದೆಯೋ, ಮೊಬೈಲ್ ಗೋಪುರದಿಂದ ನಿಸ್ತಂತುವಾಗಿ ಬರುತ್ತದೆಯೋ ಎಂಬುದನ್ನು ತಿಳಿಯಬೇಕು. ನಿಸ್ತಂತು ಸಂಪರ್ಕದಲ್ಲಿ ವೇಗವು ಗೋಪುರದ ದೂರ ಮತ್ತು ಅದರ ಮೇಲಿನ ಬಳಕೆದಾರರ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತದೆ. ಫೈಬರ್‌ನಲ್ಲಿಯೂ ಹಂಚಿಕೆ ಇದೆ. ಸಾಮಾನ್ಯವಾಗಿ ಬಳಸುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಮೇಲೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಬರುತ್ತದೆ. ಅದನ್ನು 32 ಅಥವಾ 64 ಮನೆಗಳಿಗೆ ಹಂಚಬಹುದು. 64 ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ಣವಾಗಿ ಬಳಸಿದರೆ ಪ್ರತಿ ಮನೆಗೆ ಸಿಗುವುದು ಸುಮಾರು 39 ಎಂಬಿಪಿಎಸ್. ಹೀಗೆ ಆಗುವುದು ವಿರಳವಾದರೂ, ಸಂಜೆಯ ವೇಳೆ ವೇಗ ಇಳಿಯುವುದಕ್ಕೆ ಇಂತಹ ಹಂಚಿಕೆ ಒಂದು ಕಾರಣ.

ವೇಗ ಹೆಚ್ಚಿಸಿದರೂ ಪರಿಹಾರವಾಗದ ತೊಂದರೆಗಳು

“ನೆಟ್ ನಿಧಾನ” ಎಂದ ಕೂಡಲೇ ದೊಡ್ಡ ಯೋಜನೆಗೆ ಬದಲಾಯಿಸುವುದು ರೂಢಿಯಾಗಿದೆ. ಅದಕ್ಕೂ ಮೊದಲು ಮೂರು ಸಂಗತಿಗಳನ್ನು ಪರಿಶೀಲಿಸಬೇಕು.

ಮೊದಲನೆಯದು ಗೋಡೆ. ಭಾತಂಬ್ರಾದಂತಹ ಕೋಟೆಯಿರುವ ಹಳೆಯ ಊರುಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಮನೆಗಳು, ವಾಡೆಗಳು ಇರುತ್ತವೆ. ವೈ-ಫೈ ಅಲೆಗಳು ಇಂತಹ ಗೋಡೆಗಳನ್ನು ದಾಟುವಾಗ ಬಹಳಷ್ಟು ಕ್ಷೀಣಿಸುತ್ತವೆ. 5 ಗಿಗಾಹರ್ಟ್ಸ್ ಅಲೆಯು ವೇಗವಾದರೂ ಗೋಡೆಗಳ ಮುಂದೆ ಬೇಗ ಸೋಲುತ್ತದೆ, 2.4 ಗಿಗಾಹರ್ಟ್ಸ್ ಅಲೆಯು ನಿಧಾನವಾದರೂ ದೂರ ಸಾಗುತ್ತದೆ. ರೌಟರನ್ನು ಮೂಲೆಯ ಕಪಾಟಿನೊಳಗೆ ಇಡದೆ ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಕಬ್ಬಿಣದ ಅಲ್ಮೇರಾದಿಂದ ದೂರದಲ್ಲಿ ಇಡಬೇಕು. ಓದುವ ಕೋಣೆ ದೂರವಿದ್ದರೆ ಅಲ್ಲಿಗೆ ಕೇಬಲ್ ಎಳೆದು ಎರಡನೆಯ ರೌಟರ್ ಇಡುವುದು ಉತ್ತಮ. ಇದು ಒಂದು ಸಲದ ಖರ್ಚು. ದೊಡ್ಡ ಯೋಜನೆ ಪ್ರತಿ ತಿಂಗಳ ಖರ್ಚು.

ಎರಡನೆಯದು ವಿದ್ಯುತ್. ಕರೆಂಟ್ ಹೋದೊಡನೆ ಮನೆಯ ಫೈಬರ್ ಪೆಟ್ಟಿಗೆಯೂ ರೌಟರೂ ಆರಿಹೋಗುತ್ತವೆ. ಬಹುತೇಕ ರೌಟರ್‌ಗಳು 12 ವೋಲ್ಟ್‌ನಲ್ಲಿ ನಡೆಯುತ್ತವೆ. ಅವುಗಳಿಗೆಂದೇ ದೊರೆಯುವ ಸಣ್ಣ ಯುಪಿಎಸ್ ಕೆಲವು ಗಂಟೆ ಸಂಪರ್ಕವನ್ನು ಉಳಿಸುತ್ತದೆ.

ಮೂರನೆಯದು ಸರ್ವರ್. ಅರ್ಜಿಯ ಕೊನೆಯ ದಿನಗಳಲ್ಲಿ ಸರ್ಕಾರಿ ಜಾಲತಾಣ ನಿಧಾನವಾಗುವುದನ್ನು ಸದಸ್ಯರು ಬಲ್ಲರು. ಅಲ್ಲಿನ ದಟ್ಟಣೆ ಮನೆಯ ಪೈಪನ್ನು ಅಗಲ ಮಾಡಿದರೆ ಕಡಿಮೆಯಾಗುವುದಿಲ್ಲ. ಬೇರೆ ಪುಟಗಳು ಬೇಗ ತೆರೆದು ಒಂದು ಪುಟ ಮಾತ್ರ ತೆರೆಯದಿದ್ದರೆ ದೋಷ ಮನೆಯ ಸಂಪರ್ಕದ್ದಾಗಿರುವ ಸಾಧ್ಯತೆ ಕಡಿಮೆ.

ದೋಷ ಎಲ್ಲಿದೆ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಉಳಿದ ಎಲ್ಲಾ ಸಾಧನಗಳನ್ನು ನಿಲ್ಲಿಸಿ, ರೌಟರ್‌ನ ಪಕ್ಕದಲ್ಲಿಯೇ ನಿಂತು, ಟ್ರಾಯ್ ಸಂಸ್ಥೆಯ ‘ಮೈಸ್ಪೀಡ್’ ಆ್ಯಪ್‌ನಲ್ಲಿ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ 8ಕ್ಕೆ ವೇಗವನ್ನು ಅಳೆಯಬೇಕು. ರೌಟರ್ ಬಳಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಕಡಿಮೆಯಿದ್ದರೆ ದೋಷ ವೈ-ಫೈನದು. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಇಳಿದರೆ ದಟ್ಟಣೆಯದು. ಮೂರೂ ಹೊತ್ತು ಕಡಿಮೆಯಿದ್ದರೆ ಕಂಪನಿಗೆ ದೂರು ನೀಡಬೇಕು.

ಪಂಚಾಯತಿಯ ಜವಾಬ್ದಾರಿ

ಎಷ್ಟೇ ವೇಗದ ಯೋಜನೆ ಇದ್ದರೂ ಕೇಬಲ್ ತುಂಡಾದರೆ ಇಡೀ ಓಣಿಯ ಸಂಪರ್ಕ ನಿಲ್ಲುತ್ತದೆ. ಚರಂಡಿ, ಸಿಸಿ ರಸ್ತೆ, ನೀರಿನ ಪೈಪ್‌ಲೈನ್ ಮೊದಲಾದ ಪಂಚಾಯತಿ ಕಾಮಗಾರಿಗಳಲ್ಲಿ ಜೆಸಿಬಿ ಅಗೆಯುವಾಗ ನೆಲದಡಿಯ ಫೈಬರ್‌ಗೆ ಪೆಟ್ಟು ಬೀಳುತ್ತದೆ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’, ಅಂದರೆ ಅಗೆಯುವ ಮುನ್ನ ಕರೆ ಮಾಡಿ ಎಂಬ ಆ್ಯಪ್ ಆರಂಭಿಸಿದೆ. ಅಗೆಯುವ ಸ್ಥಳವನ್ನು ಅದರಲ್ಲಿ ನಮೂದಿಸಿದರೆ ಆ ಭಾಗದಲ್ಲಿ ಕೇಬಲ್ ಹೊಂದಿರುವ ಸಂಸ್ಥೆಗಳಿಗೆ ಮಾಹಿತಿ ತಲುಪುತ್ತದೆ. ಕಾಮಗಾರಿ ಆದೇಶ ನೀಡುವಾಗ ಗುತ್ತಿಗೆದಾರರಿಗೆ ಈ ಷರತ್ತನ್ನು ವಿಧಿಸುವಂತೆ ಸದಸ್ಯರು ಸಾಮಾನ್ಯ ಸಭೆಯಲ್ಲಿ ಒತ್ತಾಯಿಸಬಹುದು.

ಮನೆಯಲ್ಲಿ ಸಂಪರ್ಕ ಪಡೆಯಲು ಶಕ್ತಿಯಿಲ್ಲದ ಕುಟುಂಬಗಳ ಮಕ್ಕಳಿಗೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರವೇ ಆಸರೆ. ಅಲ್ಲಿಯೂ ಇದೇ ಲೆಕ್ಕ ಅನ್ವಯಿಸುತ್ತದೆ. ಸಂಜೆ ಆರು ಮಕ್ಕಳು ಪಾಠದ ವಿಡಿಯೊ ನೋಡಿದರೆ 15, ಚಿಲ್ಲರೆ ಬಳಕೆ 2, ಅರ್ಧ ಸೇರಿಸಿ ಸುಮಾರು 26 ಎಂಬಿಪಿಎಸ್ ಬೇಕು. ಅರಿವು ಕೇಂದ್ರದ ಸಂಪರ್ಕ ಆ ಹೊತ್ತಿಗೆ ಅಷ್ಟು ವೇಗ ನೀಡುತ್ತಿದೆಯೇ, ಆ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದಿದೆಯೇ ಎಂಬ ಎರಡನ್ನೂ ಪರಿಶೀಲಿಸಬೇಕು.

ದೂರು ನೀಡುವ ಕ್ರಮ

ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ದೂರಿಗೆ ಎರಡು ಹಂತಗಳಿವೆ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆಯನ್ನು ಉಲ್ಲೇಖಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರ ನೆರವನ್ನೂ ಪಡೆಯಬಹುದು. ಡಾಕೆಟ್ ಸಂಖ್ಯೆಯಿಲ್ಲದ ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದಿಲ್ಲ.

ವಾರ್ಡ್ ಸಭೆಯಲ್ಲಿ ಕೈಗೊಳ್ಳಬೇಕಾದ ಚಟುವಟಿಕೆ

1. ಸಂಪರ್ಕ ಪಡೆದಿರುವ ಐದು ಕುಟುಂಬಗಳನ್ನು ಆಹ್ವಾನಿಸಿ, ಸಂಜೆಯ ಬಳಕೆಯನ್ನು ಫಲಕದ ಮೇಲೆ ಬರೆದು, ಮೇಲಿನ ಕ್ರಮದಂತೆ ಕೂಡಿಸಿ ತೋರಿಸುವುದು.
2. ಅವರು ಈಗ ಪಾವತಿಸುತ್ತಿರುವ ಯೋಜನೆಯೊಂದಿಗೆ ಆ ಸಂಖ್ಯೆಯನ್ನು ಹೋಲಿಸುವುದು.
3. ಕಳೆದ ಮೂರು ತಿಂಗಳಲ್ಲಿ ವಾರ್ಡಿನಲ್ಲಿ ಕೇಬಲ್ ತುಂಡಾದ ಸ್ಥಳಗಳನ್ನು ಪಟ್ಟಿ ಮಾಡಿ ಮುಂದಿನ ಸಾಮಾನ್ಯ ಸಭೆಯ ಮುಂದಿಡುವುದು.
4. ಅರಿವು ಕೇಂದ್ರದಲ್ಲಿ ಸಂಜೆ ವೇಗವನ್ನು ಅಳೆದು ವಹಿಯಲ್ಲಿ ನಮೂದಿಸುವುದು.

ಚರ್ಚೆಗೆ ಪ್ರಶ್ನೆಗಳು

1. 30 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಎಷ್ಟು ಎಂಬಿ ಇಳಿಯುತ್ತದೆ?
2. ನಾಲ್ಕನೆಯ ಮನೆಯ ಕ್ಯಾಮೆರಾಗಳ ಸಂಖ್ಯೆ ನಾಲ್ಕರಿಂದ ಎರಡಕ್ಕೆ ಇಳಿದರೆ ಅಗತ್ಯವಾದ ಅಪ್‌ಲೋಡ್ ವೇಗ ಎಷ್ಟು?
3. ತಮ್ಮ ವಾರ್ಡಿನಲ್ಲಿ ಬ್ರಾಡ್‌ಬ್ಯಾಂಡ್‌ಗಿಂತ ಮೊದಲು ರೌಟರ್‌ನ ಸ್ಥಳ ಅಥವಾ ವಿದ್ಯುತ್ ವ್ಯವಸ್ಥೆಯನ್ನು ಸರಿಪಡಿಸಬೇಕಾದ ಮನೆಗಳು ಯಾವುವು?